ನಿಂತ ಕಾರಿನಲ್ಲಿ ನಡೆಯುವ ಗಡಿಯಾರ



ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಪ್ರದರ್ಶನವನ್ನು ನೀವು ಒಮ್ಮೆಯಾದರೂ ನೋಡಿರಬಹುದು. ಧರ್ಮಸ್ಥಳಕ್ಕೆ ಹೋದವರಾದರೆ ಅಲ್ಲಿನ ಕಾರು ಸಂಗ್ರಹಾಲಯವನ್ನು ಒಂದು ಸುತ್ತು ಹಾಕಿಯೇ ಬಂದಿರುತ್ತೀರಿ. ಅಂಥ ಕಡೆ ನಮ್ಮ ಕಣ್ಣು ಮೊದಲು ಹೋಗುವುದು ಬಾನೆಟ್ಟಿನ ಉದ್ದಕ್ಕೆ, ದೊಡ್ಡ ದೀಪಗಳಿಗೆ, ಹೊಳೆಯುವ ಬಣ್ಣಕ್ಕೆ. ಇನ್ನೊಮ್ಮೆ ಹೋದಾಗ ಕಿಟಕಿಯಿಂದ ಒಳಗೆ ಇಣುಕಿ, ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರವಿದೆಯೇ ಎಂದು ಹುಡುಕಿ ನೋಡಿ. ಇದ್ದರೆ, ಅದು ನಡೆಯುತ್ತಿದೆಯೇ ಎಂದೂ ನೋಡಿ.

ಬಹುಮಟ್ಟಿಗೆ ಅದು ನಿಂತಿರುತ್ತದೆ. ಎಂಜಿನ್ ಒಂದೇ ಸಲಕ್ಕೆ ಎದ್ದೇಳಬಹುದು, ದೀಪಗಳು ಉರಿಯಬಹುದು, ಹಾರನ್ ಕೂಗಬಹುದು. ಗಡಿಯಾರದ ಮುಳ್ಳುಗಳು ಮಾತ್ರ ಯಾವುದೋ ಒಂದು ಹೊತ್ತಿಗೆ ಅಂಟಿಕೊಂಡು ಕುಳಿತಿರುತ್ತವೆ. ಕಾರಿನ ಗಡಿಯಾರವೆಂದರೆ ನಡೆಯದ ಗಡಿಯಾರ ಎಂಬುದು ಇಂಗ್ಲೆಂಡ್, ಅಮೆರಿಕಗಳ ಕಾರುಪ್ರಿಯರ ನಡುವೆ ಹಳೆಯ ಹಾಸ್ಯ. ಹಾಗಾದರೆ ಅದನ್ನು ಮಾಡಿದವರು ಕೆಲಸ ಬಾರದವರಾಗಿದ್ದರೇ? ಖಂಡಿತ ಅಲ್ಲ. ತಮ್ಮ ದೇಶಗಳಲ್ಲಿ ಹೆಸರು ಗಳಿಸಿದ ಗಡಿಯಾರ ತಯಾರಕರೇ ಅವರು.

ಕಾರಣ ಬೇರೆಯೇ ಇದೆ. ಕಾರಿನ ಮಿಕ್ಕ ಭಾಗಗಳು ಕಾರು ಓಡುವಾಗ ದುಡಿಯುತ್ತವೆ, ನಿಂತಾಗ ವಿಶ್ರಮಿಸುತ್ತವೆ. ಗಡಿಯಾರಕ್ಕೆ ಮಾತ್ರ ವಿಶ್ರಾಂತಿಯಿಲ್ಲ. ಕಾರು ಶೆಡ್ಡಿನಲ್ಲಿ ಮಲಗಿರುವಾಗಲೂ ಅದು ಎಚ್ಚರವಿರಬೇಕು. ಅದನ್ನು ಕೊಲ್ಲುವುದು ಪ್ರಯಾಣವಲ್ಲ; ಮರೆವು. ಈ ಮಾತು ಹೇಗೆ ನಿಜವಾಗುತ್ತದೆ, ನಿಂತ ಗಡಿಯಾರವನ್ನು ಮತ್ತೆ ನಡೆಸುವ ಬಗೆ ಯಾವುದು, ಹಳೆಯ ಯಂತ್ರವನ್ನೇ ಸರಿಪಡಿಸಬೇಕೋ ಅಥವಾ ಒಳಗೆ ಹೊಸದನ್ನು ಕೂರಿಸಬೇಕೋ ಎಂಬುದನ್ನು ಒಟ್ಟಿಗೆ ವಿಚಾರ ಮಾಡೋಣ.

ಕೀ ಕೊಡುತ್ತಿದ್ದ ಕಾಲ

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದಾಗ ಅದರಲ್ಲಿ ಡ್ಯಾಶ್‌ಬೋರ್ಡೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಡ್ಯಾಶ್‌ಬೋರ್ಡ್ ಎಂಬ ಹೆಸರೇ ಕುದುರೆ ಗಾಡಿಯಿಂದ ಬಂದದ್ದು. ಕುದುರೆಯ ಗೊರಸಿನಿಂದ ಹಾರುವ ಕೆಸರು ಸಾರಥಿಯ ಮೈಗೆ ರಾಚದಂತೆ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಕುದುರೆ ಹೋದ ಮೇಲೂ ಹಲಗೆ ಉಳಿಯಿತು. ಖಾಲಿ ಹಲಗೆ ಕಂಡಾಗ ಅದರ ಮೇಲೆ ಏನನ್ನಾದರೂ ಕೂರಿಸಬೇಕೆಂದು ಅನ್ನಿಸುವುದು ಸಹಜ. ಹಾಗೆ ಬಂದು ಕುಳಿತ ಮೊದಲ ಅತಿಥಿಗಳಲ್ಲಿ ಗಡಿಯಾರವೂ ಒಂದು.

ಅದು ಬರೀ ಅಲಂಕಾರಕ್ಕೆ ಬಂದುದಲ್ಲ. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾಯಿದೆ ಗಂಟೆಗೆ 20 ಮೈಲಿಯ, ಅಂದರೆ ಸುಮಾರು 32 ಕಿಲೋಮೀಟರಿನ ವೇಗದ ಮಿತಿಯನ್ನು ಹಾಕಿತು. ಎಲ್ಲ ಕಾರುಗಳಲ್ಲೂ ವೇಗಮಾಪಕ ಇರದಿದ್ದ ಕಾಲ ಅದು. ರಸ್ತೆ ಬದಿಯ ಮೈಲಿಗಲ್ಲು ಮತ್ತು ಕೈಯಲ್ಲಿನ ಗಡಿಯಾರ, ಇವೆರಡನ್ನು ಸೇರಿಸಿ ವೇಗದ ಲೆಕ್ಕ ಹಾಕಬೇಕಿತ್ತು. ದೂರದ ಪ್ರಯಾಣದಲ್ಲಿ ಸರಾಸರಿ ವೇಗ ತಿಳಿಯುವುದಕ್ಕೂ ಅದೇ ದಾರಿ. ವೇಗಮಾಪಕ ಬಂದ ಮೇಲೂ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಜೋಡಿಸಿ ಮಾರುತ್ತಿದ್ದರು. ಇವೆರಡರ ನಂಟು ಅಷ್ಟು ಹತ್ತಿರದ್ದು.

ಲಂಡನ್ನಿನ ಸ್ಮಿತ್ಸ್ ಸಂಸ್ಥೆಯ ಕಥೆಯಲ್ಲಿ ಈ ನಂಟು ಸ್ಪಷ್ಟವಾಗಿ ಕಾಣುತ್ತದೆ. ಸ್ಯಾಮ್ಯುಯೆಲ್ ಸ್ಮಿತ್ ಎಂಬಾತ 1851ರಲ್ಲಿ ತೆರೆದ ಗಡಿಯಾರದ ಅಂಗಡಿಯೇ ಅದರ ಮೂಲ. 1904ರಲ್ಲಿ ಈ ಮನೆತನದವರು ದೊರೆ ಏಳನೆಯ ಎಡ್ವರ್ಡನ ಕಾರಿಗೆ ವೇಗಮಾಪಕ ಒದಗಿಸಿದರು. ಮುಂದೆ ಬ್ರಿಟಿಷ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸ್ಮಿತ್ಸ್ ಎಂಬ ಹೆಸರು ಕಾಣದಿರುವುದೇ ಅಪರೂಪವೆನ್ನುವಷ್ಟು ಬೆಳೆದರು. ಅಮೆರಿಕದಲ್ಲಿ ವಾಲ್ತಮ್, ಫಿನ್ನಿ-ವಾಕರ್ ಮುಂತಾದವರು, ಫ್ರಾನ್ಸಿನಲ್ಲಿ ಜೇಗರ್, ಜರ್ಮನಿಯಲ್ಲಿ ಕೀನ್ಜಲೆ ಈ ಕೆಲಸದಲ್ಲಿ ಹೆಸರಾದರು.

ಆ ಕಾಲದ ಗಡಿಯಾರಗಳು ಕೀ ಕೊಡುವಂಥವು. ಮನೆಯ ಟೈಂಪೀಸಿಗೆ ಹಿಂಬದಿಯಲ್ಲಿ ಕೀಲಿ ಇರುತ್ತದೆ. ಡ್ಯಾಶ್‌ಬೋರ್ಡಿನ ಹಲಗೆಯಲ್ಲಿ ಹುದುಗಿದ ಗಡಿಯಾರದ ಬೆನ್ನಿಗೆ ಕೈ ಹೋಗುವುದು ಹೇಗೆ? ಆದ್ದರಿಂದ ಕೆಲವರು ಗಾಜಿನ ಸುತ್ತಲಿನ ಬಳೆಯನ್ನೇ ತಿರುಗಿಸಿ ಕೀ ಕೊಡುವಂತೆ ಮಾಡಿದರು. ಇನ್ನು ಕೆಲವರು ಕೆಳಗಡೆ ಇಳಿಬಿಟ್ಟ ಸಣ್ಣ ಕಡ್ಡಿಯೊಂದನ್ನು ಕೊಟ್ಟರು. ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ಗಡಿಯಾರಗಳಿಗೆ ಬೇಡಿಕೆ ಹೆಚ್ಚು. ವಾರಕ್ಕೊಮ್ಮೆ ಕಾರು ತೊಳೆಯುವ ದಿನ ಕೀ ಕೊಟ್ಟರೆ ಸಾಕು. ಒಂದು ದಿನ ಮರೆತರೂ ನಡೆಯುತ್ತದೆ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಕೀ ಕೊಡದಿದ್ದರೆ ಈ ಗಡಿಯಾರ ನಿಲ್ಲುತ್ತಿತ್ತು, ಆದರೆ ಕೆಡುತ್ತಿರಲಿಲ್ಲ. ಹತ್ತು ವರ್ಷ ಬಿಟ್ಟು ಬಂದು ಕೀ ಕೊಟ್ಟರೂ, ಎಣ್ಣೆ ಒಣಗಿ ಜಿಗುಟಾಗಿರದಿದ್ದರೆ, ಮತ್ತೆ ಟಿಕ್ ಟಿಕ್ ಎನ್ನುತ್ತಿತ್ತು. ಮರೆವನ್ನು ಅದು ಕ್ಷಮಿಸುತ್ತಿತ್ತು. ಅದರ ನಂತರ ಬಂದ ಗಡಿಯಾರ ಕ್ಷಮಿಸಲಿಲ್ಲ.

ಬ್ಯಾಟರಿ ಬಂದಿತು

ಆರಂಭದ ಕಾರುಗಳನ್ನು ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಸ್ಟಾರ್ಟರ್ ತಿರುಗಿಸಲು ದೊಡ್ಡ ಬ್ಯಾಟರಿ ಬೇಕು. ಬ್ಯಾಟರಿ ತುಂಬಿಸಲು ಜನರೇಟರ್ ಬೇಕು. ಹೀಗೆ ಕಾರಿನೊಳಗೆ ಸದಾ ಸಿಗುವ ವಿದ್ಯುತ್ತಿನ ಕಣಜವೊಂದು ಸಿದ್ಧವಾಯಿತು. ದೀಪ, ಹಾರನ್, ಗಾಜೊರೆಸುವ ವೈಪರ್ ಎಲ್ಲವೂ ಆ ಕಣಜದಿಂದ ಉಣ್ಣತೊಡಗಿದವು. ಗಡಿಯಾರಕ್ಕೆ ಮಾತ್ರ ಕೀ ಕೊಡುತ್ತ ಕೂರುವುದೇಕೆ ಎಂಬ ಪ್ರಶ್ನೆ ತಾನಾಗಿ ಎದ್ದಿತು.

ಆದರೆ ಕಾರಿನ ವಿದ್ಯುತ್ತಿನಿಂದ ಗಡಿಯಾರ ನಡೆಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಮನೆಗೆ ಬರುವ ವಿದ್ಯುತ್ತು ದಿಕ್ಕು ಬದಲಿಸುತ್ತ ಬರುತ್ತದೆ, ಅದಕ್ಕೊಂದು ತಾಳವಿದೆ. ಅಮೆರಿಕದ ಹೆನ್ರಿ ವಾರೆನ್ 1916ರ ಸುಮಾರಿಗೆ ಆ ತಾಳವನ್ನೇ ಹಿಡಿದು ನಡೆಯುವ ಗೃಹ ಗಡಿಯಾರಗಳಿಗೆ ದಾರಿ ಮಾಡಿಕೊಟ್ಟ. ಕಾರಿನ ಬ್ಯಾಟರಿಯ ವಿದ್ಯುತ್ತಿಗೆ ತಾಳವೇ ಇಲ್ಲ. ಅದು ಒಂದೇ ದಿಕ್ಕಿಗೆ ಹರಿಯುತ್ತದೆ. ಸಾಲದ್ದಕ್ಕೆ ಅದರ ಒತ್ತಡ ಏರಿಳಿಯುತ್ತದೆ. ಸ್ಟಾರ್ಟರ್ ತಿರುಗಿದಾಗ ಕುಸಿಯುತ್ತದೆ, ಎಂಜಿನ್ ಓಡುವಾಗ ಏರುತ್ತದೆ. ಇಂಥ ವಿದ್ಯುತ್ತನ್ನೇ ನಂಬಿ ಕಾಲ ಅಳೆಯುವಂತಿಲ್ಲ.

ಅದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ಕಾಲ ಅಳೆಯುವ ಕೆಲಸವನ್ನು ಹಳೆಯ ಬ್ಯಾಲೆನ್ಸ್ ಚಕ್ರಕ್ಕೇ ಬಿಟ್ಟರು. ವಿದ್ಯುತ್ತಿಗೆ ಕೊಟ್ಟದ್ದು ಕೀ ಕೊಡುವ ಕೆಲಸ ಮಾತ್ರ. ಅದು ಹೀಗೆ ನಡೆಯುತ್ತದೆ: ಒಳಗೆ ಒಂದು ಪುಟ್ಟ ಸ್ಪ್ರಿಂಗು. ಅದು ಒಂದೆರಡು ನಿಮಿಷ ಗಡಿಯಾರವನ್ನು ನಡೆಸಿ ಸಡಿಲವಾಗುತ್ತದೆ. ಸಡಿಲವಾದಾಗ ಲೋಹದ ಎರಡು ಪಾಯಿಂಟುಗಳು ಒಂದನ್ನೊಂದು ಮುಟ್ಟುತ್ತವೆ. ಕೂಡಲೇ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ವಿದ್ಯುತ್ತು ಹರಿಯುತ್ತದೆ. ಕಾಯಿಲ್ ಅಯಸ್ಕಾಂತವಾಗಿ ಕಬ್ಬಿಣದ ತುಂಡೊಂದನ್ನು ಸೆಳೆಯುತ್ತದೆ. ಆ ಏಟಿಗೆ ಸ್ಪ್ರಿಂಗು ಮತ್ತೆ ಬಿಗಿಯಾಗುತ್ತದೆ, ಪಾಯಿಂಟುಗಳು ಬೇರೆಯಾಗುತ್ತವೆ, ವಿದ್ಯುತ್ತು ನಿಲ್ಲುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೊರಗೆ ಕೇಳುವುದು 'ಟಕ್' ಎಂಬ ಒಂದು ಸದ್ದು ಮಾತ್ರ.

ಅಮೆರಿಕದ ಕಾರುಗಳಿಗೆ ಇಂಥ ಗಡಿಯಾರಗಳನ್ನು ಹೇರಳವಾಗಿ ಒದಗಿಸಿದವರಲ್ಲಿ ಜಾರ್ಜ್ ಬೋರ್ಗ್ ಎಂಬಾತನ ಸಂಸ್ಥೆ ಮುಖ್ಯವಾದುದು. ಕಾರಿನ ಕ್ಲಚ್ಚಿನ ತಯಾರಿಕೆಯಲ್ಲಿ ಹೆಸರಾದ ಮನೆತನ ಅದು. ಗಡಿಯಾರಗಳು ತಯಾರಾಗುತ್ತಿದ್ದುದು ವಿಸ್ಕಾನ್ಸಿನ್ ರಾಜ್ಯದ ಡೆಲವನ್ ಎಂಬ ಊರಿನಲ್ಲಿ. ಅವರ ಗಡಿಯಾರಗಳಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಗಡಿಯಾರ ಹಿಂದೆ ಬಿದ್ದಿದೆಯೆಂದು ನೀವು ಮುಳ್ಳನ್ನು ಮುಂದಕ್ಕೆ ತಿರುಗಿಸಿದರೆ ಸಾಕು, ಒಳಗಿನ ನಡೆಯೂ ತುಸು ಚುರುಕಾಗುತ್ತಿತ್ತು; ಹಿಂದಕ್ಕೆ ತಿರುಗಿಸಿದರೆ ನಿಧಾನವಾಗುತ್ತಿತ್ತು. ಒಡೆಯ ಹೊತ್ತು ಸರಿಪಡಿಸುತ್ತ ಹೋದಂತೆ ಗಡಿಯಾರ ತಾನೇ ಪಾಠ ಕಲಿಯುತ್ತಿತ್ತು.

ಸಾಯುವ ಬಗೆ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ನಿಮಿಷಕ್ಕೊಮ್ಮೆ ಪಾಯಿಂಟುಗಳು ಮುಟ್ಟುತ್ತವೆ ಎಂದಿಟ್ಟುಕೊಳ್ಳಿ. ಗಂಟೆಗೆ 30 ಸಲ, ದಿನಕ್ಕೆ 720 ಸಲ, ವರ್ಷಕ್ಕೆ 2,62,800 ಸಲ. ಕಾರು ದಿನಕ್ಕೆ ಒಂದು ಗಂಟೆ ಓಡಿದರೆ ಎಂಜಿನ್ನಿಗೆ ಇಪ್ಪತ್ತಮೂರು ಗಂಟೆ ಬಿಡುವು. ಗಡಿಯಾರಕ್ಕೆ ಒಂದು ನಿಮಿಷವೂ ಇಲ್ಲ. ಪ್ರತಿ ಸಲ ಪಾಯಿಂಟುಗಳು ಬೇರೆಯಾಗುವಾಗ ನಡುವೆ ಸಣ್ಣದೊಂದು ಕಿಡಿ ಹಾರುತ್ತದೆ. ಕಿಡಿ ಹಾರಿದ ಜಾಗದಲ್ಲಿ ಲೋಹ ಸುಟ್ಟು, ಕಣ್ಣಿಗೆ ಕಾಣದಷ್ಟು ಚಿಕ್ಕ ಕುಳಿಯಾಗುತ್ತದೆ. ವರ್ಷಗಳು ಕಳೆದಂತೆ ಕುಳಿಯಲ್ಲಿ ಮಸಿ ಕೂರುತ್ತದೆ. ಕೊನೆಗೊಂದು ದಿನ ಪಾಯಿಂಟು ಮುಟ್ಟಿದರೂ ವಿದ್ಯುತ್ತು ಹರಿಯುವುದಿಲ್ಲ. ಗಡಿಯಾರ ನಿಲ್ಲುತ್ತದೆ.

ಇದು ಸೌಮ್ಯವಾದ ಸಾವು. ಪಾಯಿಂಟು ಉಜ್ಜಿದರೆ ಗಡಿಯಾರ ಮರಳಿ ಏಳುತ್ತದೆ. ಇನ್ನೊಂದು ಬಗೆ ಕ್ರೂರವಾದುದು.

ಒಡೆಯ ಊರಿಗೆ ಹೋದ, ಅಥವಾ ಹೊಸ ಕಾರು ಕೊಂಡು ಹಳೆಯದನ್ನು ಶೆಡ್ಡಿನಲ್ಲಿ ನಿಲ್ಲಿಸಿದ ಎನ್ನಿ. ಬ್ಯಾಟರಿಯ ಕೇಬಲ್ ಬಿಚ್ಚಿಡಲಿಲ್ಲ. ವಾರಗಳು ಉರುಳುತ್ತವೆ. ಬ್ಯಾಟರಿಯ ಶಕ್ತಿ ತಾನಾಗಿಯೇ ಇಳಿಯುತ್ತ ಬರುತ್ತದೆ. ಗಡಿಯಾರವೂ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಒಂದು ರಾತ್ರಿ ಎಂದಿನಂತೆ ಪಾಯಿಂಟುಗಳು ಮುಟ್ಟುತ್ತವೆ, ಕಾಯಿಲ್‌ಗೆ ವಿದ್ಯುತ್ತು ಹರಿಯುತ್ತದೆ. ಆದರೆ ಕಬ್ಬಿಣದ ತುಂಡನ್ನು ಒಂದೇ ಏಟಿಗೆ ಸೆಳೆಯುವಷ್ಟು ಬಲ ಬ್ಯಾಟರಿಯಲ್ಲಿ ಉಳಿದಿಲ್ಲ. ತುಂಡು ಅಲುಗುವುದಿಲ್ಲ, ಪಾಯಿಂಟುಗಳು ಬೇರೆಯಾಗುವುದಿಲ್ಲ. ಕ್ಷಣಮಾತ್ರ ಹರಿಯಬೇಕಾದ ವಿದ್ಯುತ್ತು ಎಡೆಬಿಡದೆ ಹರಿಯುತ್ತಲೇ ಇರುತ್ತದೆ. ಕಾಯಿಲ್ ಕಾದು, ತಂತಿಯ ಮೇಲಿನ ಲೇಪ ಸುಟ್ಟು ಕರಿಯಾಗುತ್ತದೆ. ಉಳಿದಿದ್ದ ಅಷ್ಟಿಷ್ಟು ಬ್ಯಾಟರಿಯನ್ನೂ ಹೀರಿ ಗಡಿಯಾರ ಸಾಯುತ್ತದೆ.

ತಯಾರಕರು ಇದನ್ನು ಅರಿಯದವರಲ್ಲ. ಹಲವು ಗಡಿಯಾರಗಳಲ್ಲಿ, ಮುಖ್ಯವಾಗಿ ಕೀನ್ಜಲೆಯಂಥ ಜರ್ಮನ್ ಗಡಿಯಾರಗಳಲ್ಲಿ, ಬೇಗ ಕರಗುವ ಬೆಸುಗೆಯಿಂದ ಹಿಡಿದ ಒಂದು ಸಣ್ಣ ಕೊಂಡಿಯನ್ನು ಇಟ್ಟಿದ್ದರು. ಕಾಯಿಲ್ ಕಾದರೆ ಬೆಸುಗೆ ಕರಗಿ ಕೊಂಡಿ ಬಿಟ್ಟುಕೊಳ್ಳುತ್ತದೆ, ಕಾಯಿಲ್ ಉಳಿಯುತ್ತದೆ. ಗಡಿಯಾರವೇನೋ ಬದುಕಿತು, ಆದರೆ ಮತ್ತೆ ಯಾರಾದರೂ ಬಿಚ್ಚಿ ಬೆಸೆಯುವವರೆಗೆ ಅದು ನಿಂತೇ ಇರಬೇಕು. ಬೆಸೆಯುವವರು ಬರಲಿಲ್ಲ. ಇಂದು ನಾವು ಸತ್ತಿದೆ ಎಂದುಕೊಳ್ಳುವ ಎಷ್ಟೋ ಗಡಿಯಾರಗಳು ಹೀಗೆ ದಶಕಗಳಿಂದ ಒಂದು ಚಿಟಿಕೆ ಬೆಸುಗೆಗಾಗಿ ಕಾಯುತ್ತಿರುವಂಥವು.

ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೂ ಒಮ್ಮೆ ನಡೆಯಿತು. 1950ರ ದಶಕದಲ್ಲಿ ಅಮೆರಿಕದ ಡಿಸೋಟೊ ಕಾರುಗಳಿಗೆ ಬೆನ್ರಸ್ ಸಂಸ್ಥೆಯ ಗಡಿಯಾರವೊಂದನ್ನು ಸ್ಟೀರಿಂಗ್ ಚಕ್ರದ ನಡುವೆ ಕೂರಿಸಿಕೊಳ್ಳಬಹುದಿತ್ತು. ಸ್ಟೀರಿಂಗ್ ತಿರುಗಿಸಿದಂತೆಲ್ಲ ಅದಕ್ಕೆ ಕೀ ಸಿಗುತ್ತಿತ್ತು. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಸುಡುವ ಕಾಯಿಲ್ ಇಲ್ಲ. ಕಾರು ನಿಂತರೆ ಸ್ವಲ್ಪ ಕಾಲದಲ್ಲಿ ಅದೂ ನಿಲ್ಲುತ್ತದೆ, ಕಾರು ಹೊರಟರೆ ಅದೂ ಹೊರಡುತ್ತದೆ. ಇದು ಜಾಣ ಉಪಾಯವೇ ಆದರೂ ಎಲ್ಲೆಡೆ ಹರಡಲಿಲ್ಲ. ಜನರಿಗೆ ಬೇಕಾಗಿದ್ದುದು ಬೆಳಗ್ಗೆ ಬಾಗಿಲು ತೆರೆದಾಗ ಸರಿಯಾದ ಹೊತ್ತು ತೋರಿಸುವ ಗಡಿಯಾರ.

ಸದ್ದಿನ ಮಹಿಮೆ

ಈ ಗಡಿಯಾರದ ಸದ್ದು ಜಾಹೀರಾತಿನ ಇತಿಹಾಸಕ್ಕೂ ಸೇರಿದೆ. 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್-ರಾಯ್ಸ್ ಕಾರಿಗೆ ಒಂದು ಜಾಹೀರಾತು ಬರೆದ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗಲೂ ಕಾರಿನೊಳಗೆ ಕೇಳುವ ಅತಿ ಜೋರಾದ ಸದ್ದೆಂದರೆ ಅದರ ವಿದ್ಯುತ್ ಗಡಿಯಾರದ್ದು ಎಂಬುದು ಅದರ ತಲೆಬರಹದ ಸಾರ. ಎಂಜಿನ್ನಿನ ಮೌನವನ್ನು ಹೊಗಳಲು ಗಡಿಯಾರವನ್ನು ಸಾಕ್ಷಿಗೆ ಕರೆದದ್ದು ಜನರ ಮನಸ್ಸಿನಲ್ಲಿ ನಾಟಿತು. ಇದೇ ಅರ್ಥದ ಮಾತು 1933ರಲ್ಲೇ ಪಿಯರ್ಸ್-ಆರೋ ಎಂಬ ಅಮೆರಿಕನ್ ಕಾರಿನ ಜಾಹೀರಾತಿನಲ್ಲಿ ಬಂದಿತ್ತು. ಓಗಿಲ್ವಿಯ ಸಾಲನ್ನು ಓದಿದ ರೋಲ್ಸ್-ರಾಯ್ಸ್ ಎಂಜಿನಿಯರೊಬ್ಬರು ಆ ದರಿದ್ರ ಗಡಿಯಾರಕ್ಕೆ ಏನಾದರೂ ಮಾಡಲೇಬೇಕು ಎಂದು ಗೊಣಗಿದರಂತೆ. ನಮಗೆ ಇಲ್ಲಿ ಮುಖ್ಯವಾದುದು ಇಷ್ಟೇ: ಸದ್ದು ಆ ಗಡಿಯಾರದ ದೋಷವಲ್ಲ, ಅದರ ಉಸಿರು. 'ಟಕ್' ಎಂದು ಕೇಳಿದರೆ ಅದಕ್ಕೆ ಜೀವವಿದೆ ಎಂದರ್ಥ.

ಬಿಚ್ಚಿ ಸರಿಪಡಿಸುವುದು

ನಿಂತ ಗಡಿಯಾರವನ್ನು ಯಾರ ಬಳಿ ಒಯ್ಯಬೇಕು? ತೊಂದರೆ ಶುರುವಾಗುವುದೇ ಇಲ್ಲಿ. ಕಾರಿನ ಮೆಕ್ಯಾನಿಕ್ಕಿಗೆ ಇದು ವಾಚಿನ ಕೆಲಸ. ವಾಚ್ ರಿಪೇರಿಯವರಿಗೆ ಇದು ಕಾರಿನ ಕೆಲಸ. ಎರಡು ಕಸುಬುಗಳ ನಡುವಿನ ಸಂದಿನಲ್ಲಿ ಬಿದ್ದ ವಸ್ತುವಿಗೆ ಯಾರೂ ದಿಕ್ಕಿಲ್ಲ. ಆದರೂ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದರೆ ಹಳೆಯ ತಲೆಮಾರಿನ ವಾಚ್ ರಿಪೇರಿಯವರ ಬಳಿ ಹೋಗುವುದು ಮೇಲು. ಈ ಮಾತಿನಲ್ಲಿ ಕರ್ನಾಟಕದವರು ಭಾಗ್ಯವಂತರು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಕೀ ಕೊಡುವ ವಾಚನ್ನು ಮನೆಮನೆಗೆ ತಲುಪಿಸಿತು. ಅದರ ಹಿಂದೆಯೇ ಬ್ಯಾಲೆನ್ಸ್ ಚಕ್ರದ ಸೂಕ್ಷ್ಮ ಬಲ್ಲ ಕೈಗಳೂ ಬೆಳೆದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು ತೀರ್ಮಾನಿಸಿತು. ಆ ಕೈಗಳಿಗೆ ವಯಸ್ಸಾಗುತ್ತಿದೆ. ರಿಪೇರಿ ಮಾಡಿಸುವುದಿದ್ದರೆ ತಡಮಾಡಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಕೆಲಸದ ಕ್ರಮವನ್ನು ನೀವೂ ತಿಳಿದಿರುವುದು ಒಳ್ಳೆಯದು. ಮೊದಲು ಬ್ಯಾಟರಿಯ ಕೇಬಲ್ ಬಿಚ್ಚಬೇಕು. ಆಮೇಲಷ್ಟೇ ಗಡಿಯಾರಕ್ಕೆ ಕೈ ಹಾಕಬೇಕು. ಗಾಜಿನ ಸುತ್ತಲಿನ ಬಳೆಯನ್ನು ಮಡಿಚಿ ಕೂರಿಸಿರುತ್ತಾರೆ. ಅದನ್ನು ಅವಸರವಿಲ್ಲದೆ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು. ಒಂದೇ ಕಡೆ ಮೀಟಿದರೆ ಬಳೆ ಸೊಟ್ಟಗಾಗಿ, ಮತ್ತೆಂದೂ ಮೊದಲಿನಂತೆ ಕೂರುವುದಿಲ್ಲ.

ಒಳಗೆ ಮೊದಲು ನೋಡಬೇಕಾದುದು ಪಾಯಿಂಟುಗಳನ್ನು. ಕರಿ ಹಿಡಿದಿದ್ದರೆ ಅತಿ ನುಣುಪಾದ ಎಮರಿ ಕಾಗದದ ಪಟ್ಟಿಯೊಂದನ್ನು ನಡುವೆ ತೂರಿಸಿ ಹಗುರವಾಗಿ ಉಜ್ಜಿ, ಧೂಳನ್ನು ಒರೆಸಿ ತೆಗೆಯಬೇಕು. ಎರಡನೆಯದಾಗಿ ಕಾಯಿಲ್. ಮೀಟರ್ ಹಚ್ಚಿ ನೋಡಿದರೆ ತಂತಿ ಅಖಂಡವಾಗಿದೆಯೋ ಕಡಿದಿದೆಯೋ ತಿಳಿಯುತ್ತದೆ. ಬೆಸುಗೆಯ ಕೊಂಡಿ ಬಿಟ್ಟಿದ್ದರೆ ಬೇಗ ಕರಗುವ ಬೆಸುಗೆಯಿಂದಲೇ ಮತ್ತೆ ಹಿಡಿಸಬೇಕು. ಗಟ್ಟಿ ಬೆಸುಗೆ ಹಾಕಿದರೆ ಕಾವಲುಗಾರನನ್ನು ಕಟ್ಟಿಹಾಕಿ ಮನೆ ಕಾಯಲು ಬಿಟ್ಟಂತೆ. ಕಾಯಿಲ್ ಸುಟ್ಟೇ ಹೋಗಿದ್ದರೆ ಅಷ್ಟೇ ದಪ್ಪದ ತಂತಿಯಿಂದ ಅಷ್ಟೇ ಸುತ್ತು ಸುತ್ತಿಸಬೇಕು.

ಮೂರನೆಯದು ಎಣ್ಣೆ. ದಶಕಗಳ ಹಿಂದಿನ ಎಣ್ಣೆ ಅಂಟಾಗಿ ಚಕ್ರಗಳನ್ನು ಹಿಡಿದುಕೊಂಡಿರುತ್ತದೆ. ಅದನ್ನು ತೊಳೆದು, ಚಕ್ರಗಳ ಮೊನೆ ಕೂರುವ ಕಡೆ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಷ್ಟು ಮಾತ್ರ ಇಡಬೇಕು. ಮನೆಯಲ್ಲಿದೆ ಎಂದು ಹೊಲಿಗೆ ಯಂತ್ರದ ಎಣ್ಣೆ ಸುರಿದರೆ ನಾಲ್ಕು ದಿನ ನಡೆದು ಮತ್ತೆ ನಿಲ್ಲುತ್ತದೆ. ಕೊನೆಯದಾಗಿ, ಕಾರಿಗೆ ಕೂರಿಸುವ ಮುನ್ನ ಮೇಜಿನ ಮೇಲೆ ಕೆಲವು ದಿನ ನಡೆಸಿ ನೋಡಬೇಕು. ಅಮೆರಿಕದ ಕಾರುಗಳು 1950ರ ದಶಕದ ನಡುವಿನವರೆಗೆ ಹೆಚ್ಚಾಗಿ 6 ವೋಲ್ಟಿನವು. ಅಂಥ ಗಡಿಯಾರಕ್ಕೆ 12 ವೋಲ್ಟ್ ಕೊಟ್ಟರೆ ರಿಪೇರಿಯ ಫಲವೆಲ್ಲ ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಸಣ್ಣದೊಂದು ಡಯೋಡ್ ಹಾಕಿದರೆ ಪಾಯಿಂಟುಗಳ ನಡುವಿನ ಕಿಡಿ ಬಹಳ ಕಡಿಮೆಯಾಗುತ್ತದೆ. ಅದು ಹಳೆಯ ಯಂತ್ರದ ರೂಪವನ್ನು ಕೆಡಿಸದೆ ಆಯಸ್ಸು ಹೆಚ್ಚಿಸುವ ಹೊಸ ಕಾಲದ ಉಪಕಾರ. ಬ್ಯಾಟರಿಯ ಯಾವ ತುದಿಯನ್ನು ಕಾರಿನ ಮೈಗೆ ಕೊಟ್ಟಿದೆ ಎಂದು ನೋಡಿಕೊಂಡೇ ಅದನ್ನು ಹಾಕಬೇಕು. 1960ರ ದಶಕದ ನಡುವಿನವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿಯೇ ಮೈಗೆ ಸೇರಿರುತ್ತದೆ.

ಒಂದು ಎಚ್ಚರಿಕೆಯ ಮಾತು

ಇಲ್ಲಿ ತುಸು ನಿಂತು ಒಂದು ಗಂಭೀರ ವಿಷಯವನ್ನು ಹೇಳಲೇಬೇಕು. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಗಡಿಯಾರಗಳ ಅಂಕಿಗಳಿಗೂ ಮುಳ್ಳುಗಳಿಗೂ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಕೆಲವು ಕಾರು ಗಡಿಯಾರಗಳೂ ಇದಕ್ಕೆ ಹೊರತಲ್ಲ. ಈಗ ಅವು ಹೊಳೆಯುವುದಿಲ್ಲ. ಹೊಳೆಯದಿದ್ದರೆ ಅಪಾಯ ಕಳೆಯಿತು ಎಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ತನ್ನ ಶಕ್ತಿಯ ಅರ್ಧ ಕಳೆದುಕೊಳ್ಳಲು ಸುಮಾರು 1600 ವರ್ಷ ಬೇಕು.

ಆ ಬಣ್ಣ ಬಳಿದ ಕೈಗಳ ಕಥೆ ದುಃಖದ್ದು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ರೇಡಿಯಂ ಡಯಲ್ ಕಂಪನಿಯಲ್ಲಿ ಹುಡುಗಿಯರು ವೆಸ್ಟ್‌ಕ್ಲಾಕ್ಸ್ ಗಡಿಯಾರಗಳ ಅಂಕಿಗಳನ್ನು ಬರೆಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗೆ ಇಟ್ಟುಕೊಳ್ಳಲು ಅವರಿಗೆ ಕಲಿಸಲಾಗಿತ್ತು. ಹಲವರ ದವಡೆಯ ಮೂಳೆಗಳು ಕೊಳೆತವು. ಕ್ಯಾಥರೀನ್ ಡೊನೊಹ್ಯೂ ಎಂಬಾಕೆ ಮರಣಶಯ್ಯೆಯಲ್ಲಿದ್ದೇ ಹೋರಾಡಿ 1938ರಲ್ಲಿ ಕಂಪನಿಯ ವಿರುದ್ಧ ತೀರ್ಪು ಪಡೆದಳು. ಆದ್ದರಿಂದ ಹಳೆಯ ಡಯಲಿನ ಬಣ್ಣವನ್ನು ಕೆರೆಯಬೇಡಿ, ಉಜ್ಜಬೇಡಿ, ಅದರ ಪುಡಿಯನ್ನು ಬಾಯಿಯಿಂದ ಊದಬೇಡಿ. ರಿಪೇರಿಯವರಿಗೂ ಈ ಮಾತನ್ನು ತಿಳಿಸಿ.

ಒಡಲು ಹಳತು, ಉಸಿರು ಹೊಸತು

ಗಡಿಯಾರ ತಯಾರಕರೂ ಸುಮ್ಮನೆ ಕುಳಿತಿರಲಿಲ್ಲ. 1960ರ ದಶಕದಲ್ಲಿ ಪಾಯಿಂಟಿನ ಬದಲು ಟ್ರಾನ್ಸಿಸ್ಟರ್ ಬಂದಿತು. ಕಿಡಿಯ ಕಾಟ ತಪ್ಪಿತು. ಅದೇ ದಶಕದ ಕೊನೆಗೆ ಜಾಗ್ವಾರಿನ ಕೆಲವು ಕಾರುಗಳಲ್ಲಿ ಗಡಿಯಾರವನ್ನು ಕಾರಿನ ಬ್ಯಾಟರಿಯಿಂದಲೇ ಬಿಡಿಸಿ, ಪಾದರಸದ ಪುಟ್ಟ ಸೆಲ್ಲೊಂದನ್ನು ಅದಕ್ಕೆಂದೇ ಕೊಟ್ಟರು. ಮರೆವಿನ ಬಾಯಿಯಿಂದ ಗಡಿಯಾರವನ್ನು ತಪ್ಪಿಸುವ ಯತ್ನವದು. ಆದರೆ ಪಾದರಸವೇ ವಿಷವೆಂದು ಜಗತ್ತು ಎಚ್ಚೆತ್ತಿತು. ಅಮೆರಿಕ 1996ರಲ್ಲಿ ಇಂಥ ಸೆಲ್ಲುಗಳ ವಿರುದ್ಧ ಕಾಯಿದೆ ಮಾಡಿತು. 2013ರ ಮಿನಮಾತಾ ಒಪ್ಪಂದ ಅವನ್ನು ಜಗತ್ತಿನಿಂದಲೇ ಹಿಂದೆಗೆಯಲು ಹೊರಟಿತು. ಹೀಗೆ ಆ ಜಾಗ್ವಾರ್ ಗಡಿಯಾರಗಳು ಕೆಡದೆಯೂ ನಿಲ್ಲುವಂತಾದವು.

ಎಲ್ಲಕ್ಕಿಂತ ದೊಡ್ಡ ತಿರುವು ಬಂದದ್ದು ಜಪಾನಿನಿಂದ. 1969ರ ಡಿಸೆಂಬರ್ 25ರಂದು ಸೀಕೋ ಸಂಸ್ಥೆ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದಲ್ಲಿ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನವನ್ನೇ ಎಣಿಸಿ ಮುಳ್ಳನ್ನು ಮುಂದಿಡಲಾಗುತ್ತದೆ. ಬೇಕಾಗುವ ವಿದ್ಯುತ್ತು ಅತ್ಯಲ್ಪ, ನಿಖರತೆ ಅಪಾರ, ಬೆಲೆ ಕಡಿಮೆ.

ಹಳೆಯ ಕಾರು ಗಡಿಯಾರದ ಒಳಗನ್ನು ತೆಗೆದು ಇಂಥ ಕ್ವಾರ್ಟ್ಸ್ ಯಂತ್ರವನ್ನು ಕೂರಿಸುವುದು ಈಗ ಹಲವು ದೇಶಗಳಲ್ಲಿ ಒಂದು ಕಸುಬೇ ಆಗಿದೆ. ಹೊರಗಿನ ಡಯಲ್, ಮುಳ್ಳು, ಗಾಜು ಹಳೆಯವು, ಒಳಗೆ ಹರಳು. ಕಾರಿನ 6 ಅಥವಾ 12 ವೋಲ್ಟನ್ನು ಇಳಿಸಿ ಕೊಡುವ ಸಣ್ಣ ಸರ್ಕ್ಯೂಟೊಂದು ಹಿಂದೆ ಇರುತ್ತದೆ. ಹೊತ್ತು ತಪ್ಪುವುದಿಲ್ಲ, ಕಾಯಿಲ್ ಸುಡುವುದಿಲ್ಲ. ದಿನವೂ ಓಡಿಸುವ ಕಾರಿಗೆ ಇದು ಉಚಿತವೆಂದು ವಾದಿಸುವವರ ಮಾತಿನಲ್ಲಿ ಹುರುಳಿದೆ.

ಆದರೆ ಕಳೆದುಕೊಳ್ಳುವುದು ಏನೆಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು. ಹೊಸ ಯಂತ್ರದ ಕಡ್ಡಿ ಹಳೆಯ ಮುಳ್ಳಿನ ರಂಧ್ರಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ರಂಧ್ರ ಹಿಗ್ಗಿಸಿದರೆ ಮುಳ್ಳು ಹಳೆಯ ಯಂತ್ರಕ್ಕೆ ಮರಳಿ ಕೂರುವುದಿಲ್ಲ. ಹಳೆಯ ಗಡಿಯಾರದ ಸೆಕೆಂಡ್ ಮುಳ್ಳು ಸರಾಗವಾಗಿ ಜಾರುತ್ತ ಹೋಗುತ್ತಿತ್ತು. ಹೊಸದು ಹೆಚ್ಚಾಗಿ ಸೆಕೆಂಡಿಗೊಮ್ಮೆ ಕುಪ್ಪಳಿಸುತ್ತದೆ. 'ಟಕ್' ಎಂಬ ಸದ್ದು ಇಲ್ಲವಾಗುತ್ತದೆ. ತಾಳವಿಲ್ಲದ ವಿದ್ಯುತ್ತಿನಿಂದ ತಾಳ ಹುಟ್ಟಿಸಿದ ಆ ಕಾಲದ ಬುದ್ಧಿವಂತಿಕೆ ಕಸದ ಬುಟ್ಟಿ ಸೇರುತ್ತದೆ. ಉಳಿಯುವುದು ಒಂದು ಮುಖವಾಡ.

ಹಾಗಾದರೆ ಮಾಡಬೇಕಾದುದೇನು? ಹಳೆಯ ವಸ್ತುಗಳನ್ನು ಕಾಪಾಡುವವರು ಪಾಲಿಸುವ ಒಂದು ಸೂತ್ರ ಇಲ್ಲೂ ಸಲ್ಲುತ್ತದೆ: ನಾಳೆ ಹಿಂದಿರುಗಲಾಗದ ಯಾವ ಕೆಲಸವನ್ನೂ ಇಂದು ಮಾಡಬೇಡಿ. ಮೊದಲು ರಿಪೇರಿಗೆ ಪ್ರಯತ್ನಿಸಿ; ಪಾಯಿಂಟು ಉಜ್ಜಿದರೆ, ಕೊಂಡಿ ಬೆಸೆದರೆ ನಡೆಯುವ ಗಡಿಯಾರದ ಕರುಳು ಕೀಳುವುದು ಅನ್ಯಾಯ. ಕಾಯಿಲ್ ಸುಟ್ಟು, ಸುತ್ತಿಕೊಡುವವರೂ ಸಿಗದಿದ್ದರೆ ಕ್ವಾರ್ಟ್ಸ್ ಹಾಕಿಸಿ, ಆದರೆ ಡಯಲನ್ನು ಕೊರೆಯಿಸಬೇಡಿ. ಹಳೆಯ ಮುಳ್ಳುಗಳನ್ನು ಎತ್ತಿಟ್ಟು, ಅದೇ ಆಕಾರದ ಬೇರೆ ಮುಳ್ಳುಗಳನ್ನು ಬಳಸಿ. ತೆಗೆದ ಯಂತ್ರವನ್ನು ಡಬ್ಬಿಯೊಂದರಲ್ಲಿಟ್ಟು, ಯಾವ ಕಾರಿನದು, ಯಾವ ವರ್ಷ ತೆಗೆದದ್ದು ಎಂದು ಚೀಟಿ ಬರೆದು, ಆ ಕಾರಿನ ಜೊತೆಯಲ್ಲೇ ಇಡಿ. ಮುಂದೆ ಆ ಕಾರು ಯಾರ ಕೈ ಸೇರಿದರೂ ಅವರಿಗೊಂದು ಆಯ್ಕೆ ಉಳಿದಿರುತ್ತದೆ.

ಯಾವ ದಾರಿ ಹಿಡಿದರೂ ಮೂಲ ರೋಗಕ್ಕೆ ಮದ್ದು ಒಂದೇ. ಕಾರನ್ನು ಬಹುಕಾಲ ನಿಲ್ಲಿಸುವುದಿದ್ದರೆ ಬ್ಯಾಟರಿಯ ಕೇಬಲ್ ಬಿಚ್ಚಿಡಿ, ಅಥವಾ ಗಡಿಯಾರದ ತಂತಿಗೆ ಒಂದು ಸ್ವಿಚ್ಚು ಹಾಕಿಸಿ. ಗಡಿಯಾರವನ್ನು ನಿಲ್ಲಿಸಿಟ್ಟರೆ ಅದು ಉಳಿಯುತ್ತದೆ. ನಡೆಯಲೆಂದು ಮರೆತು ಬಿಟ್ಟರೆ ಸಾಯುತ್ತದೆ.

ಹೊಸ ಕಾರು, ಹೊಸ ರೋಗ

ಇದೆಲ್ಲ ಹಳೆಯ ಕಾಲದ ಗೋಳು, ಇಂದಿನ ಕಾರಿನ ಗಡಿಯಾರ ಉಪಗ್ರಹದಿಂದಲೇ ಹೊತ್ತು ತಿಳಿಯುತ್ತದೆ ಎಂದು ನೀವು ಹೇಳಬಹುದು. 2022ರ ಜನವರಿಯಲ್ಲಿ ನಡೆದುದನ್ನು ಕೇಳಿ. ಹಲವು ದೇಶಗಳಲ್ಲಿ ಹೋಂಡಾ ಮತ್ತು ಆಕ್ಯುರಾ ಕಾರುಗಳ ಗಡಿಯಾರಗಳು ಹೊಸ ವರ್ಷದ ದಿನ ಇಪ್ಪತ್ತು ವರ್ಷ ಹಿಂದಕ್ಕೆ ಜಿಗಿದು 2002ನ್ನು ತೋರಿಸತೊಡಗಿದವು. ಉಪಗ್ರಹ ಕಳಿಸಿದ ದಿನಾಂಕವನ್ನು ಕಾರಿನೊಳಗಿನ ತಂತ್ರಾಂಶ ತಪ್ಪಾಗಿ ಓದಿತ್ತು. ಒಡೆಯರು ಕೈಯಿಂದ ಸರಿಪಡಿಸಿದರೂ ಅದು ನಿಲ್ಲುತ್ತಿರಲಿಲ್ಲ. ಆಗಸ್ಟಿನಲ್ಲಿ ಅದು ತಾನಾಗಿ ಸರಿಹೋಗುವವರೆಗೆ ಕಾಯಬೇಕಾಯಿತು. ಬಿಚ್ಚಿ ನೋಡಲು ಅಲ್ಲಿ ಪಾಯಿಂಟೂ ಇರಲಿಲ್ಲ, ಉಜ್ಜಲು ಎಮರಿ ಕಾಗದವೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಹಳೆಯ ಗಡಿಯಾರ ಕೆಡುತ್ತಿತ್ತು, ನಿಜ. ಆದರೆ ಏಕೆ ಕೆಟ್ಟಿತೆಂದು ಕಣ್ಣಿಗೆ ತೋರಿಸುತ್ತಿತ್ತು, ಸರಿಪಡಿಸಲು ಕೈಗೆ ಅವಕಾಶ ಕೊಡುತ್ತಿತ್ತು. ಆದ್ದರಿಂದ ಹಳೆಯ ಕಾರೊಂದು ನಿಮ್ಮ ಮನೆಯಲ್ಲೋ ನೆಂಟರ ಶೆಡ್ಡಿನಲ್ಲೋ ಇದ್ದರೆ ಒಮ್ಮೆ ಅದರೊಳಗೆ ಕುಳಿತು, ಬಾಗಿಲು ಹಾಕಿಕೊಂಡು, ಎರಡು ಮೂರು ನಿಮಿಷ ಸುಮ್ಮನಿದ್ದು ಆಲಿಸಿ. 'ಟಕ್' ಎಂಬ ಸದ್ದು ಕೇಳಿದರೆ ಆ ಕಾರನ್ನು ಯಾರೋ ಮರೆತಿಲ್ಲ ಎಂದು ತಿಳಿಯಿರಿ. ಕೇಳದಿದ್ದರೆ ಮೊದಲು ಬ್ಯಾಟರಿಯ ಕೇಬಲ್ ಬಿಚ್ಚಿ. ಆಮೇಲೆ, ಕೈ ನಡುಗದ ಹಿರಿಯ ವಾಚ್ ರಿಪೇರಿಯವರೊಬ್ಬರನ್ನು ಹುಡುಕಲು ಹೊರಡಿ.